ಅಕ್ಕೋರ ಗಂಟಲಿಗೆ ಹೊಣೆ ಯಾರು?

ಶಿಗ್ಗಾವಿ ತಾಲ್ಲೂಕಿನಲ್ಲಿ ಪುಣೆ–ಬೆಂಗಳೂರು ಹೆದ್ದಾರಿಗೆ ಹತ್ತಿಕೊಂಡ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ. ಉಕ್ತಲೇಖನ ಹೇಳುವಾಗ ಲಾರಿ ಹಾರ್ನ್ ಹೊಡೆದರೆ, ನಾನು ಹೇಳಿದ ‘ಬೇಳೆ’ ಕಿಟಕಿ ಪಕ್ಕದ ಹುಡುಗಿಯ ಪಾಟಿಯಲ್ಲಿ ‘ಬೆಲೆ’ ಆಗಿರುತ್ತದೆ. “ಅಕ್ಕೋರ, ಇನ್ನೊಮ್ಮೆ ಹೇಳ್ರಿ” ಅನ್ನುತ್ತಾಳೆ. ಕೇಳಿಸದ ಮಗುವಿನದು ಇದರಲ್ಲಿ ಏನು ತಪ್ಪು?

ಮಧ್ಯಾಹ್ನದ ಹೊತ್ತಿಗೆ ನನ್ನ ಗಂಟಲು ಕಟ್ಟುತ್ತದೆ. ಮೆಲ್ಲಗೆ ಮಾತಾಡಿ ಎಂದು ವೈದ್ಯರು ಹೇಳುತ್ತಾರೆ. ಆದರೆ ಅದು ನನ್ನ ಕೈಯಲ್ಲಿಲ್ಲ. ಸುತ್ತ ಗದ್ದಲವಾದರೆ ದನಿ ತಾನಾಗಿಯೇ ಏರುತ್ತದೆಂದು ಫ್ರಾನ್ಸಿನ ಕಿವಿ-ಗಂಟಲು ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲೇ ಬರೆದಿದ್ದಾರೆ. ಕಿವುಡರಂತೆ ನಟಿಸುವವರನ್ನು ಅವರು ಹಿಡಿಯುತ್ತಿದ್ದದ್ದೇ ಹೀಗೆ: ಕಿವಿಯಲ್ಲಿ ಸದ್ದು ಬಿಟ್ಟು ಓದಿಸಿದರೆ, ಕೇಳಿಸುವವರ ದನಿ ಏರಿಬಿಡುತ್ತದೆ. ಬರೀ ಜೋರಾಗುವುದಿಲ್ಲ, ಶ್ರುತಿ ಮೇಲೇರುತ್ತದೆ, ಸ್ವರಗಳು ಉದ್ದವಾಗುತ್ತವೆ. ಹಾನಗಲ್ ಬಸ್‌ಸ್ಟ್ಯಾಂಡಿನ ಕಂಡಕ್ಟರ್, ಸವಣೂರು ಸಂತೆಯಲ್ಲಿ ವೀಳ್ಯದೆಲೆ ಮಾರುವಾಕೆ, ಹಿರೇಕೆರೂರಿನ ಕಡೆ ಗೋವಿನಜೋಳ ಒಕ್ಕುವ ಮಷಿನ್ ಮುಂದೆ ನಿಂತ ಆಳು, ಎಲ್ಲರ ಗಂಟಲಿಗೂ ಇದೇ ಪಾಡು.

ನಮ್ಮ ನಲಿ-ಕಲಿ ಕೋಣೆಯಲ್ಲಿ ಇದನ್ನು ದಿನವೂ ನೋಡಬಹುದು. ನಡುಗೋಡೆ ಹಂಚಿನ ತನಕ ಏರಿಲ್ಲ. ಆಚೆ ಬದಿ ಮಗ್ಗಿ ಶುರುವಾದರೆ ನಾನು ಏರುತ್ತೇನೆ, ನನ್ನ ದನಿ ಕೇಳಿ ಆಚೆಯವರು ಏರುತ್ತಾರೆ, ನಡುವೆ ಮಕ್ಕಳು ಕಿರುಚುತ್ತಾರೆ. ಸೊಂಟಕ್ಕೆ ಕಟ್ಟುವ ಮೈಕನ್ನು ಸ್ವಂತ ದುಡ್ಡಿನಲ್ಲಿ ತಂದ ಗೆಳತಿಯರಿದ್ದಾರೆ. ಅವರ ಗಂಟಲು ಉಳಿಯಿತು, ಪಕ್ಕದ ಕೋಣೆಗೆ ಗದ್ದಲ ಹೆಚ್ಚಾಯಿತು.

ಪ್ರಾಣಿಗಳೂ ಹೀಗೆಯೇ. ಬರ್ಲಿನ್ ನಗರದ ನೈಟಿಂಗೇಲ್‌ಗಳು ಸಂಚಾರದ ಗದ್ದಲವಿರುವಲ್ಲಿ ಜೋರಾಗಿ ಹಾಡುತ್ತವೆ. ನಮ್ಮ ಸಹ್ಯಾದ್ರಿಯ ಭೋರ್ಗರೆವ ತೊರೆಗಳಲ್ಲಿ ಕುಣಿವ ಕಪ್ಪೆಗಳು ಕೂಗನ್ನೊಂದೇ ನೆಚ್ಚಿಕೊಳ್ಳದೆ ಹಿಂಗಾಲು ಚಾಚಿ ಬೀಸುತ್ತವೆ. ನನ್ನ ಮನಸ್ಸಿನಲ್ಲಿ ನಿಂತದ್ದು ಮಾತ್ರ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಗುಬ್ಬಿಗಳು. 2020ರ ಲಾಕ್‌ಡೌನಿನಲ್ಲಿ ರಸ್ತೆ ಖಾಲಿಯಾದಾಗ ಅವುಗಳ ಹಾಡು ಮೆತ್ತಗಾಯಿತು. ಮೆತ್ತಗಾದರೂ ಮೊದಲಿಗಿಂತ ದೂರಕ್ಕೆ ಕೇಳಿಸಿತು. ಯಾರೂ ಅವುಗಳಿಗೆ ಮೆಲ್ಲಗೆ ಹಾಡಿ ಎಂದು ಬುದ್ಧಿ ಹೇಳಿರಲಿಲ್ಲ.

ಗದ್ದಲ ತಗ್ಗಿಸಲು ಕಾನೂನು ಇಲ್ಲದೇ ಇಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ತನಕ ನಿಶ್ಶಬ್ದ ವಲಯಕ್ಕೆ ಅವಕಾಶ ಕೊಟ್ಟಿವೆ; ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್. ನಮ್ಮ ಶಾಲೆಯ ಮುಂದೆ ಒಂದು ಬೋರ್ಡೂ ಇಲ್ಲ. ಮೊದಲು ಆ ಬೋರ್ಡು ಹಾಕಲಿ, ಹಾರ್ನ್ ಹೊಡೆದವರಿಗೆ ಪೊಲೀಸರು ದಂಡ ಹಾಕಲಿ. ರಸ್ತೆ ಬದಿಗೆ ಎತ್ತರದ ಕಾಂಪೌಂಡ್ ಬೇಕು, ನಡುಗೋಡೆ ಹಂಚಿಗೆ ಮುಟ್ಟಬೇಕು. ಶಾಲೆಗೆ ಬಣ್ಣ ಹೊಡೆಸಲು ದುಡ್ಡು ತೆಗೆದಿಡುವ ಎಸ್‌ಡಿಎಂಸಿಗಳು ಈ ವರ್ಷ ಬಣ್ಣ ಬಿಟ್ಟು ಆ ಗೋಡೆ ಏರಿಸಲಿ.