ಒಂದು ಲೆಟರ್ ಕೊಡ್ಸಿ ಅಣ್ಣ

ಕಳೆದ ಭಾನುವಾರ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ಎಂಜಿನಿಯರಿಂಗ್, ಏಳನೇ ಸೆಮಿಸ್ಟರ್. "ಅಣ್ಣ, ನೀವು ಶನಿವಾರ ಶನಿವಾರ ಆ ಗೌರ್ಮೆಂಟ್ ಸ್ಕೂಲಿಗೆ ಹೋಗ್ತೀರಲ್ಲ, ಅಲ್ಲಿಂದ ಒಂದು ಲೆಟರ್ ಕೊಡ್ಸಿ. ನಲವತ್ತು ಪಾಯಿಂಟ್ ಕಮ್ಮಿ ಬಿದ್ದಿದೆ." ಬಂದು ಪಾಠ ಮಾಡ್ತೀಯೇನೋ ಅಂದೆ. "ಟೈಮೆಲ್ಲಿದೆ ಅಣ್ಣ, ಪ್ಲೇಸ್‌ಮೆಂಟ್ ನಡೀತಿದೆ. ಫೋಟೋಗೆ ಬೇಕಾದ್ರೆ ಒಂದಿನ ಬರ್ತೀನಿ."

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಎಐಸಿಟಿಇ ನಿಯಮದ ಪ್ರಕಾರ ಎಂಜಿನಿಯರಿಂಗ್ ಓದುವವರು ಓದಿನ ಜೊತೆಗೆ 100 ಆಕ್ಟಿವಿಟಿ ಪಾಯಿಂಟ್ ಗಳಿಸಬೇಕು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ 75. ಹಳ್ಳಿಗೆ ಹೋಗಿ, ಶಾಲೆಗೆ ನೆರವಾಗಿ, ಸಮಾಜವನ್ನು ನೋಡಿ ಬನ್ನಿ ಎಂಬ ಒಳ್ಳೆಯ ಉದ್ದೇಶವೇ. ಆದರೆ ಪಾಯಿಂಟ್ ಬರುವುದು ಕಾಗದ ನೋಡಿ. ಹಾಗಾಗಿ ಹುಡುಗರು ಕಾಗದ ಹುಡುಕುತ್ತಾರೆ. ಹೋದ ವರ್ಷ ನಾನೇ ಇಬ್ಬರು ಹುಡುಗರಿಗೆ ಅಂಥ ಲೆಟರ್ ಕೊಡಿಸಿದ್ದೆ. ಅವರು ಆ ಶಾಲೆಯ ಗೇಟು ಯಾವ ದಿಕ್ಕಿಗಿದೆ ಅಂತಲೂ ಕಂಡವರಲ್ಲ. ಆದ್ದರಿಂದ ಇದು ಹೊರಗೆ ನಿಂತವನ ಬೈಗುಳವಲ್ಲ, ಪಾಲುದಾರನ ಜಗಳ.

"ಬಲವಂತದ ಸೇವೆ ಸೇವೆಯೇ ಅಲ್ಲ" ಎಂದು ಈಗ ನೀವು ಹೇಳಬಹುದು. ನಾನು ಒಪ್ಪುವುದಿಲ್ಲ. ಮಗ್ಗಿಯನ್ನೂ ನಾವು ಬಲವಂತದಿಂದಲೇ ಕಲಿತದ್ದು. ಬಲವಂತ ಇರಲಿ, ತಕರಾರಿಲ್ಲ. ಸೇವೆ ಮಾಡಿಸಿಕೊಂಡವರನ್ನು ಒಬ್ಬರೂ ಒಂದು ಮಾತು ಕೇಳುವುದಿಲ್ಲವಲ್ಲ, ನನ್ನ ತಕರಾರು ಅದು.

ಎನ್‌ಎಸ್‌ಎಸ್ ಶುರುವಾದದ್ದು 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ. ಆಗ ಕೇಂದ್ರ ಶಿಕ್ಷಣ ಮಂತ್ರಿಯಾಗಿದ್ದವರು ನಮ್ಮ ಬಳ್ಳಾರಿಯಿಂದ ಗೆದ್ದಿದ್ದ ವಿ.ಕೆ.ಆರ್.ವಿ. ರಾವ್. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ, ಜೊತೆಗೆ ಏಳು ದಿನದ ಶಿಬಿರ. "ನನಗಲ್ಲ, ನಿನಗೆ" ಎಂಬುದು ಧ್ಯೇಯವಾಕ್ಯ. ನಾನೂ ಬ್ಯಾಡ್ಜ್ ಚುಚ್ಚಿಕೊಂಡವನೇ.

ನಮ್ಮ ಶಿಬಿರ ನಡೆದದ್ದು ತುಮಕೂರು ಕಡೆಯ ಒಂದು ಹಳ್ಳಿಯಲ್ಲಿ. ಬೆಳಿಗ್ಗೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಡ್ಯಾನ್ಸು. ಐದು ದಿನ ಕಷ್ಟಪಟ್ಟು ಚರಂಡಿ ತೋಡಿದೆವು. ಅಂಗೈ ಬೊಬ್ಬೆ ಬಂದಿತ್ತು, ಹೆಮ್ಮೆಯೂ ಇತ್ತು. ಬೀದಿಯ ಕೊನೇ ಮನೆಯ ಅಜ್ಜಿಯೊಬ್ಬರು ದಿನಾ ಮಜ್ಜಿಗೆ ಕೊಡುತ್ತಿದ್ದರು. ಸಮಾರೋಪ, ಹಾರ, ಸರ್ಟಿಫಿಕೇಟು, ಬಸ್ಸು. ಎರಡು ವರ್ಷದ ಮೇಲೆ ಅದೇ ದಾರಿಯಲ್ಲಿ ಮದುವೆಗೆಂದು ಹೋದವನು ಇಳಿದು ನೋಡಿದೆ. ಇಳಿಜಾರು ಅಜ್ಜಿಯ ಮನೆ ಕಡೆಗಿತ್ತು. ಅಲ್ಲಿಂದ ಮುಂದೆ ನೀರಿಗೆ ದಾರಿಯಿಲ್ಲ. ಇಡೀ ಬೀದಿಯ ಕೊಚ್ಚೆ ಅವರ ಹೊಸಿಲ ಮುಂದೆ ನಿಂತು ಸೊಳ್ಳೆ ಗುಂಯ್‌ಗುಡುತ್ತಿತ್ತು. "ನೀವು ತೋಡಿದ್ದೇ ಕಣಪ್ಪ," ಅಂದರು ಅಜ್ಜಿ. ಸಿಟ್ಟಿನಿಂದಲ್ಲ. ಮತ್ತೆ ಮಜ್ಜಿಗೆ ಕೊಟ್ಟರು.

ನಾವು ಸಿವಿಲ್ ಹುಡುಗರು ಸ್ವಾಮಿ! ಲೆವೆಲಿಂಗ್ ಅದೇ ವರ್ಷದ ಲ್ಯಾಬಿನಲ್ಲಿತ್ತು. ಉಪಕರಣ ಕಾಲೇಜಿನ ಕಪಾಟಿನಲ್ಲಿ, ನಾವು ಹಳ್ಳಿಯಲ್ಲಿ. ಎರಡನ್ನೂ ಜೋಡಿಸಬೇಕು ಅಂತ ನಮಗೂ ಹೊಳೆಯಲಿಲ್ಲ, ಮೇಷ್ಟ್ರಿಗೂ ಹೊಳೆಯಲಿಲ್ಲ. ಸೇವೆಯಿಂದ ಕಲಿಯುವುದು ಅಂದರೆ ಆ ಕೊಚ್ಚೆಯನ್ನು ವಾಪಸ್ ಕ್ಲಾಸಿಗೆ ತರುವುದು, ಮುಂದಿನ ಬ್ಯಾಚು ಅದೇ ಬೀದಿಗೆ ಹೋಗಿ ಸರಿಮಾಡುವುದು. ಮುಂದಿನ ಬ್ಯಾಚು ಬೇರೆ ಹಳ್ಳಿಗೆ ಹೋಗಿ ಬೇರೆ ಚರಂಡಿ ತೋಡಿತು.

ಕೆಲಸಕ್ಕೆ ಸೇರಿದ ಮೇಲೆ ನಾವು ಸುಧಾರಿಸಿದ್ದೇವಾ? ನಮ್ಮ ಆಫೀಸಿನ ಗುಂಪು ಒಂದೇ ಬಣ್ಣದ ಟೀ ಶರ್ಟ್ ಹಾಕ್ಕೊಂಡು ಹೋಗಿ, ಅದೇ ಶಾಲೆಯ ಕಾಂಪೌಂಡಿಗೆ ಜಿರಾಫೆ ಬರೆದು ಬಂತು. ಮೂರು ತಿಂಗಳ ಹಿಂದೆ ಇನ್ನೊಂದು ಕಂಪನಿಯವರು ಬರೆದಿದ್ದ ಆನೆಯ ಮೇಲೆ. ಹುಡುಗಿಯರ ಶೌಚಾಲಯದ ಬಾಗಿಲಿಗೆ ಮಾತ್ರ ಚಿಲಕವಿರಲಿಲ್ಲ. ಯಾಕೆ ಮೇಡಂ ಸುಮ್ಮನಿದ್ರಿ ಅಂತ ಹೆಡ್‌ಮಿಸ್ ಅವರನ್ನು ಕೇಳಿದೆ. "ಬೇಡ ಅಂದ್ರೆ ನಾಳೆ ಬ್ಯಾಗು, ನೋಟ್‌ಬುಕ್ಕು ಕೊಡೋರೂ ಬರಲ್ಲ ಸರ್," ಅಂದರು. ನಾನು ಕೇಳಿದಾಗ ಆ ಎರಡು ಸುಳ್ಳು ಲೆಟರಿಗೆ ಅವರು ಸಹಿ ಹಾಕಿದ್ದೂ ಇದೇ ಕಾರಣಕ್ಕೆ ಅಂತ ಆಗ ತಲೆಗೆ ಹೋಯಿತು.

ಪಾಯಿಂಟ್ ಕೊಡುವ ಅಧಿಕಾರ ಆ ಮೇಡಂಗೆ ಕೊಡಿ. ಆ ಅಜ್ಜಿಗೆ ಕೊಡಿ. ಅವರ ಮಾತು ವಿದ್ಯಾರ್ಥಿಯ ಕೈ ದಾಟದೆ, ನಮ್ಮಂಥ ಮಧ್ಯಸ್ಥರ ಕೈ ದಾಟದೆ ನೇರ ಕಾಲೇಜಿಗೆ ಹೋಗಲಿ. ಎಷ್ಟು ಗಂಟೆ ಅಂತ ಬರೆಯುವುದೇ ಬೇಡ. "ಈ ಹುಡುಗನನ್ನು ಮತ್ತೆ ಕಳಿಸಿ" ಅಥವಾ "ಬೇಡ", ಇಷ್ಟೇ.

ತಮ್ಮನಿಗೆ ಲೆಟರ್ ಕೊಡಿಸಲಿಲ್ಲ. ಎಂಟು ಶನಿವಾರ ಬಾ, ಮೊದಲನೇ ವಾರ ಒಂದು ಚಿಲಕ, ನಾಲ್ಕು ಸ್ಕ್ರೂ ತಗೊಂಡು ಬಾ ಅಂದೆ. ಸಂಜೆ ಚಿಕ್ಕಮ್ಮ ಫೋನ್ ಮಾಡಿ, "ಒಂದು ಲೆಟರಿಗೆ ಇಷ್ಟು ದೊಡ್ಡ ಮನುಷ್ಯ ಆಗ್ಬಿಟ್ಯೇನೋ?" ಅಂದರು. ಈ ಶನಿವಾರ ಅವನು ಬರಲಿಲ್ಲ. ಚಿಲಕ ನಾನೇ ತಗೊಂಡು ಹೋದೆ. ಡ್ರಿಲ್ ಮರೆತಿದ್ದೆ.