ಟಿಪ್ಪಣಿ ನಮ್ಮದು, ಗುಟ್ಟು ಮನೆಯವರದು

ಸಾಲದ ಲೆಕ್ಕ, ತಾಯಿಯ ಕಾಯಿಲೆ, ತಂಗಿಯ ವಿವಾಹ ಮಾತುಕತೆ ಎಲ್ಲವೂ ಇಂದು ಮೊಬೈಲ್‌ನ ಟಿಪ್ಪಣಿಗಳಲ್ಲಿವೆ. ಅವನ್ನು ಕೃತಕ ಬುದ್ಧಿಮತ್ತೆಯ 'ಏಜೆಂಟ್'ಗಳಿಗೆ ಓದಲು ಕೊಡುವ ತಂತ್ರಾಂಶಗಳು ಈಗ ಸುಲಭವಾಗಿ ಸಿಗುತ್ತಿವೆ. ಆಂಥ್ರೋಪಿಕ್ ಕಂಪೆನಿ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್' ಎಂಬ ಮುಕ್ತ ಮಾನದಂಡವು ಇಂಥ ಜೋಡಣೆಯನ್ನು ಸುಗಮಗೊಳಿಸಿತು.

ಇದರಿಂದ ಪ್ರಯೋಜನವಿಲ್ಲವೆಂದು ನಾವು ಹೇಳಲಾರೆವು. ಹುಡುಕಿದರೂ ಸಿಗದ ಹಳೆಯ ಬರಹವನ್ನು ಏಜೆಂಟ್ ಕ್ಷಣದಲ್ಲಿ ತೆಗೆದುಕೊಡಬಲ್ಲದು. ಆದರೆ ಅದು ಓದಿದ್ದು ಹೆಚ್ಚಾಗಿ ದೂರದ ಸರ್ವರ್ ತಲುಪುತ್ತದೆ. ಅದು ತೆರೆಯುವ ಇ-ಮೇಲ್‌ನಲ್ಲಿ ಯಾರೋ ಅಡಗಿಸಿಟ್ಟ ಸೂಚನೆಯನ್ನು ಯಜಮಾನನ ಆಜ್ಞೆಯೆಂದೇ ಭಾವಿಸಿ ಗುಟ್ಟನ್ನು ಹೊರಗೆ ಕಳುಹಿಸುವ ಅಪಾಯವೂ ಇದೆ.

2017ರಲ್ಲಿ ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ವ್ಯಕ್ತಿಯೊಬ್ಬ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಅನ್ವಯಿಸುವುದಿಲ್ಲ. ತಂಗಿಯ ಗುಟ್ಟನ್ನು ಅಣ್ಣನೇ ಯಂತ್ರಕ್ಕೊಪ್ಪಿಸಿದರೆ ಈ ಕಾಯ್ದೆ ಅವನನ್ನು ಪ್ರಶ್ನಿಸದು.

ಆದ್ದರಿಂದ ಕಾವಲು ಮನೆಯೊಳಗಿನಿಂದಲೇ ಆರಂಭವಾಗಬೇಕು. ಏಜೆಂಟ್‌ಗೆ ಒಂದು ಕಡತವನ್ನಷ್ಟೇ ತೆರೆದಿಡೋಣ, ಓದುವ ಅನುಮತಿಯನ್ನು ಮಾತ್ರ ನೀಡೋಣ. ಇತರರು ನಂಬಿ ಹೇಳಿದ ಮಾತನ್ನು ಅವರ ಒಪ್ಪಿಗೆಯಿಲ್ಲದೆ ಅದರಲ್ಲಿ ಇಡದಿರೋಣ. ಈ ಶಿಸ್ತನ್ನು ಹಿರಿಯರೂ ಯುವಕರೂ ಜೊತೆಗೂಡಿ ರೂಢಿಸಿಕೊಳ್ಳಬೇಕಾಗಿದೆ.