ಬೈಪಾಸ್ ನಂತರದ ಸೆಡೆತ

ಬೈಪಾಸ್ ಆಯಿತಲ್ಲ, ಇನ್ನೇನು ಚಿಂತೆ ಎನ್ನುವವರುಂಟು. ಆದರೆ ಧಮನಿಯೆಂದರೆ ನಲ್ಲಿಯ ಪೈಪಲ್ಲ. ಅದರ ಗೋಡೆಯಲ್ಲಿ ಸ್ನಾಯುವಿನ ಪದರವಿದೆ. ಸ್ನಾಯುಕೋಶದೊಳಕ್ಕೆ ಕ್ಯಾಲ್ಸಿಯಂ ಅಯಾನುಗಳು ನುಗ್ಗಿದಾಗ ಅದು ಸಂಕುಚಿಸುತ್ತದೆ. ಇದು ಅತಿಯಾದರೆ ಕೊಬ್ಬಿನ ಅಡ್ಡಿಯಿಲ್ಲದೆಯೂ ರಕ್ತ ನಿಂತೀತು. ಇದೇ ಸ್ಪಾಸಮ್, ಅಂದರೆ ಸೆಡೆತ. ಹೃದಯದ ಸ್ವಂತ ಧಮನಿಯಲ್ಲೂ ಆಗಬಹುದು, ಹೊಸದಾಗಿ ಜೋಡಿಸಿದ ನಾಳದಲ್ಲೂ ಆಗಬಹುದು. ಪಾಯ್ಸೂಯಿ ಸೂತ್ರ ಓದಿದ ವಿದ್ಯಾರ್ಥಿಗಳಿಗೆ ಗೊತ್ತು: ಉಳಿದೆಲ್ಲ ಹಾಗೇ ಇದ್ದು ಕೊಳವೆಯ ತ್ರಿಜ್ಯ ಅರ್ಧವಾದರೆ ಹರಿವು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ!

ಪ್ಯಾರಿಸ್ಸಿನ ಶಸ್ತ್ರವೈದ್ಯ ಅಲೆಂ ಕಾರ್ಪಾಂತಿಯೇ 1971ರಲ್ಲಿ ಮುಂಗೈಯ ರೇಡಿಯಲ್ ಧಮನಿಯನ್ನು ಬೈಪಾಸಿಗೆ ಬಳಸಿದರು. ವೈದ್ಯರು ಮಣಿಕಟ್ಟಿನಲ್ಲಿ ನಾಡಿ ಹಿಡಿದು ನೋಡುವುದು ಇದನ್ನೇ. ಇದರಲ್ಲಿ ಸ್ನಾಯು ಹೆಚ್ಚು, ಸೆಡೆತವೂ ಹೆಚ್ಚು. ಅನೇಕ ನಾಳಗಳು ಮುಚ್ಚಿಹೋದಂತೆ ಕಂಡು, ವಿಧಾನವನ್ನೇ ಕೈಬಿಡಲಾಯಿತು. ಹದಿನೈದು ವರ್ಷಕ್ಕೂ ಮೇಲೆ ಒಬ್ಬ ರೋಗಿಯನ್ನು ಪರೀಕ್ಷಿಸಿದಾಗ, ಮುಚ್ಚಿತೆಂದು ಬಗೆದಿದ್ದ ನಾಳದಲ್ಲಿ ರಕ್ತ ಸರಾಗವಾಗಿ ಹರಿಯುತ್ತಿತ್ತು! ಅದು ಸತ್ತಿರಲಿಲ್ಲ, ಬಿಗಿದುಕೊಂಡಿತ್ತಷ್ಟೆ. 1989ರಲ್ಲಿ ಕ್ರಿಸ್ಟೋಫ್ ಅಕಾರ್ ಮತ್ತು ಸಂಗಡಿಗರು ಮತ್ತೆ ಕೈಹಾಕಿದರು. ಈ ಸಲ ನಾಳದೊಳಗೆ ಕಡ್ಡಿ ತೂರಿಸಿ ಹಿಗ್ಗಿಸಲಿಲ್ಲ. ಸುತ್ತಲಿನ ಅಂಗಾಂಶದ ಸಮೇತ, ಆದಷ್ಟು ಮುಟ್ಟದೆ ಬಿಡಿಸಿದರು. ಕ್ಯಾಲ್ಸಿಯಂನ ದಾರಿ ತಡೆಯುವ ಡಿಲ್ಟಿಯಾಜೆಮ್ ಕೊಟ್ಟರು. 1992ರಲ್ಲಿ ಪ್ರಕಟವಾದ ಫಲಿತಾಂಶ ಆ ಧಮನಿಗೆ ಮರುಜೀವ ಕೊಟ್ಟಿತು.

ಶಸ್ತ್ರಚಿಕಿತ್ಸೆಯಾದ ಕೂಡಲೆ ರಕ್ತದೊತ್ತಡ ಕುಸಿದು ಇಸಿಜಿ ಬದಲಾದರೆ ವೈದ್ಯರ ಮುಂದಿರುವ ಪ್ರಶ್ನೆ ಕಠಿಣ: ನಾಳ ಮಡಿಚಿದೆಯೆ, ರಕ್ತ ಹೆಪ್ಪುಗಟ್ಟಿದೆಯೆ, ಇಲ್ಲ ಸೆಡೆತವೆ? ಆಂಜಿಯೋಗ್ರಾಮ್ ಮಾಡಿ, ಧಮನಿಯೊಳಕ್ಕೇ ನೈಟ್ರೋಗ್ಲಿಸರಿನ್ ಬಿಟ್ಟಾಗ ಅದು ಅರಳಿದರೆ ಸೆಡೆತವೆಂದೇ ಲೆಕ್ಕ. ಹೌದು, ಡೈನಮೈಟಿನಲ್ಲಿರುವ ಅದೇ ವಸ್ತು! ಅದರಿಂದ ಹುಟ್ಟುವ ನೈಟ್ರಿಕ್ ಆಕ್ಸೈಡ್ ಸ್ನಾಯುವನ್ನು ಸಡಿಲಿಸುತ್ತದೆ. ನೈಟ್ರಿಕ್ ಆಕ್ಸೈಡಿನ ಈ ಪಾತ್ರವನ್ನು ತೋರಿಸಿಕೊಟ್ಟ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಡೈನಮೈಟ್ ಕಂಡುಹಿಡಿದವನ ಹೆಸರಿನ ಬಹುಮಾನವೇ.

ಮನೆಗೆ ಬಂದ ಮೇಲಿನ ಅಪಾಯ ಸಾಮಾನ್ಯವಾಗಿ ನಮ್ಮದೇ ಕೈವಾಡ. 'ಈಗ ಆರಾಮಾಗಿದ್ದೇನೆ' ಎಂದು ಯಜಮಾನರು ಕ್ಯಾಲ್ಸಿಯಂ ತಡೆಯುವ ಮಾತ್ರೆಯನ್ನು ತಾವೇ ನಿಲ್ಲಿಸುತ್ತಾರೆ. ಒಂದೇ ಒಂದು ಬೀಡಿ ಎನ್ನುತ್ತಾರೆ. ಸೆಡೆತವನ್ನು ಕೆರಳಿಸುವುದರಲ್ಲಿ ಹೊಗೆಯದು ಮೊದಲ ಸಾಲು. ಈ ಸೆಡೆತ ವಿಶ್ರಾಂತಿಯಲ್ಲೂ, ನಡುರಾತ್ರಿ ಇಲ್ಲವೆ ನಸುಕಿನಲ್ಲೂ ಬರಬಹುದಾದ್ದರಿಂದ ಮನೆಯ ಮಕ್ಕಳಿಗೂ ಗೊತ್ತಿರಲಿ: ಎದೆ ಹಿಂಡಿದರೆ ಅಪ್ಪನನ್ನು ಕೂರಿಸಿ, ವೈದ್ಯರು ಬರೆದುಕೊಟ್ಟಿದ್ದರೆ ಮಾತ್ರೆಯನ್ನು ನಾಲಿಗೆಯ ಕೆಳಗಿಡಬೇಕು. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ, ಬೆಳಗಾಗಲೆಂದು ಕಾಯದೆ, 108ಕ್ಕೆ ಫೋನ್ ಮಾಡಬೇಕು.